ಖುಫುವಿನ ಪಿರಮಿಡ್ಡಿನ ಬದಿಯ ಕಲ್ಲಿನ ಸಮಾಧಿಗಳು: ಹೆಸರೇ ಇಲ್ಲದಲ್ಲಿ ಕಾಲವನ್ನು ನಿರ್ಣಯಿಸುವುದು ಹೇಗೆ?

ಸಮಾಜವಿಜ್ಞಾನ ಶಿಕ್ಷಕ, ಬ್ರಹ್ಮಾವರ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಮಕ್ಕಳು ಈ ವರ್ಷದ ವಸ್ತುಪ್ರದರ್ಶನಕ್ಕಾಗಿ ಈಜಿಪ್ಟಿನ ಗೀಜಾ ಪ್ರಸ್ಥಭೂಮಿಯ ಮಾದರಿಯೊಂದನ್ನು ತಯಾರಿಸುತ್ತಿದ್ದಾರೆ. ಮೂರು ಪಿರಮಿಡ್ಡುಗಳನ್ನು ಮಾಡುವುದು ಕಷ್ಟವಾಗಲಿಲ್ಲ. ತೊಡಕು ಬಂದದ್ದು ಖುಫುವಿನ ಮಹಾ ಪಿರಮಿಡ್ಡಿನ ಪೂರ್ವಕ್ಕೂ ಪಶ್ಚಿಮಕ್ಕೂ ಸಾಲುಸಾಲಾಗಿ ಹಬ್ಬಿರುವ, ಮಸ್ತಬಗಳೆಂದು ಕರೆಯಲಾಗುವ, ಚಪ್ಪಟೆ ಮೇಲ್ಭಾಗದ ಕಲ್ಲಿನ ಸಮಾಧಿಗಳ ವಿಷಯದಲ್ಲಿ. ನಕ್ಷೆಯಲ್ಲಿ ಅವು ನೂಲು ಹಿಡಿದು ಎಳೆದಷ್ಟು ನೇರವಾಗಿವೆ, ನಡುವೆ ಬೀದಿಗಳೂ ಇವೆ.

ನನ್ನ ಸಂದೇಹ ಇಷ್ಟು. ಈ ಸಮಾಧಿಗಳಲ್ಲಿ ಎಷ್ಟೋ ಕಡೆ ಒಡೆಯನ ಹೆಸರೇ ಉಳಿದಿಲ್ಲ, ಶವವೂ ಇಲ್ಲ, ಬೆಲೆಬಾಳುವುದೆಲ್ಲವನ್ನೂ ಕಳ್ಳರು ಪ್ರಾಚೀನ ಕಾಲದಲ್ಲಿಯೇ ಹೊತ್ತೊಯ್ದಿದ್ದಾರೆ. ಹಾಗಿದ್ದರೂ ಪುಸ್ತಕಗಳು ‘ಇದು ಖುಫುವಿನ ಕಾಲದಲ್ಲಿ ಕಟ್ಟಿದ್ದು, ಇದನ್ನು ಅವನ ಮಗ ಖಫ್ರೆಯ ಕಾಲದಲ್ಲಿ ಮುಗಿಸಿದ್ದು, ಇದು ಐದನೆಯ ರಾಜವಂಶದ ಸೇರ್ಪಡೆ’ ಎಂದು ಖಚಿತವಾಗಿ ಬರೆಯುತ್ತವೆ. ಈ ಖಚಿತತೆ ಎಲ್ಲಿಂದ ಬರುತ್ತದೆ? ಎರಡನೆಯದಾಗಿ, ಈ ಸಮಾಧಿಗಳನ್ನು ಅರಸನೇ ಒಟ್ಟಾಗಿ ಕಟ್ಟಿಸಿ ಬಂಧುಗಳಿಗೂ ಅಧಿಕಾರಿಗಳಿಗೂ ಹಂಚಿದನೇ, ಅಥವಾ ಪ್ರತಿಯೊಬ್ಬನೂ ತನ್ನದನ್ನು ತಾನೇ ಕಟ್ಟಿಸಿಕೊಂಡನೇ? ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಕೆಂಪುಕಲ್ಲಿನ ಜೈನ ಸಮಾಧಿಗಳನ್ನು ನೋಡಿ ಬಂದ ಮಕ್ಕಳು ಅಲ್ಲಿಯೂ ಇದೇ ಪ್ರಶ್ನೆ ಕೇಳಿದ್ದರು. ಅಂದು ಹಾರಿಕೆಯ ಉತ್ತರ ಕೊಟ್ಟು ಪಾರಾದೆ, ಈ ಬಾರಿ ಬಿಡುವವರಲ್ಲ.

ನಿವೃತ್ತ ಇತಿಹಾಸ ಉಪನ್ಯಾಸಕ, ಉಡುಪಿ

ಶಿಕ್ಷಕರೆ, ಮೊದಲು ಕಟ್ಟಡದ ಅಂಗಗಳನ್ನು ಸ್ಪಷ್ಟಮಾಡಿಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಗೀಜಾದ ಒಂದು ಮಸ್ತಬದಲ್ಲಿ ನೆಲದ ಮೇಲೆ ಕಾಣುವುದು, ಸ್ಥಳೀಯ ಸುಣ್ಣಕಲ್ಲಿನ ಹಾಸುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಸುತ್ತ ಏರಿಸಿದ ಆಯತಾಕಾರದ ಒಡಲು. ಅದರ ಮೇಲ್ಭಾಗದಿಂದ ಒಡಲನ್ನೂ ಕೆಳಗಿನ ಬಂಡೆಯನ್ನೂ ಸೀಳಿಕೊಂಡು ಒಂದು ಲಂಬವಾದ ಕೂಪ ಇಳಿಯುತ್ತದೆ, ಅದರ ತಳದಲ್ಲಿ ಶವದ ಕೋಣೆ. ಶವಸಂಸ್ಕಾರ ಮುಗಿದ ಮೇಲೆ ಕೂಪವನ್ನು ಕಲ್ಲುಮಣ್ಣು ತುಂಬಿ ಮುಚ್ಚುತ್ತಿದ್ದರು. ಬದುಕಿರುವವರು ಬಂದು ರೊಟ್ಟಿ, ಬಿಯರು, ಮಾಂಸ ಅರ್ಪಿಸುವ ಜಾಗ ಒಡಲಿನ ಪೂರ್ವ ಮುಖದ ದಕ್ಷಿಣ ತುದಿಯಲ್ಲಿರುತ್ತದೆ. ಕೆಲವು ಕಡೆ ಅದು ಹೊರಗೆ ಇಟ್ಟಿಗೆಯಲ್ಲಿ ಕಟ್ಟಿದ ಪುಟ್ಟ ಕೋಣೆ, ಕೆಲವು ಕಡೆ ಒಡಲಿನೊಳಗೇ ಸೇರಿಕೊಂಡ ಕಲ್ಲಿನ ಕೋಣೆ. ಅದರ ಪಶ್ಚಿಮ ಗೋಡೆಯಲ್ಲಿ ಸತ್ತವನು ಬಂದುಹೋಗಲೆಂದು ಕಲ್ಲಿನಲ್ಲೇ ಕೆತ್ತಿದ ಹುಸಿ ಬಾಗಿಲು ಇರುತ್ತದೆ. ಪ್ರತಿಮೆಯನ್ನು ಇರಿಸಿ ಪೂರ್ತಿ ಮುಚ್ಚಿಬಿಡುವ, ಒಂದು ಸಣ್ಣ ಸೀಳುಗಂಡಿಯನ್ನು ಮಾತ್ರ ಉಳಿಸುವ ಕೋಣೆಗೆ ಸೆರ್ದಾಬ್ ಎನ್ನುತ್ತಾರೆ. ಕೊನೆಯದಾಗಿ ಒಡಲಿನ ಸುತ್ತ ನೈಲ್ ನದಿಯ ಪೂರ್ವ ದಂಡೆಯ ತೂರಾದಿಂದ ತಂದ ನುಣುಪಾದ ಬಿಳಿ ಸುಣ್ಣಕಲ್ಲಿನ ಹೊರಹೊದಿಕೆ.

ಈ ಅಂಗಗಳೆಲ್ಲ ಒಂದೇ ಕಾಲದಲ್ಲಿ ಆದವಲ್ಲ ಎಂಬುದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಬೀಗದ ಕೈ. ಪಶ್ಚಿಮ ಸ್ಮಶಾನದ ಅತಿ ಹಳೆಯ ಗುಂಪುಗಳಲ್ಲಿ ಒಡಲುಗಳ ಅಳತೆ ಹೆಚ್ಚುಕಡಿಮೆ ಒಂದೇ, ದಿಕ್ಕು ಒಂದೇ, ನಡುವಿನ ಬೀದಿಯ ಅಗಲವೂ ಒಂದೇ. ಅರ್ಪಣೆಯ ಕೋಣೆಗಳು ಮಾತ್ರ ಒಂದರಂತೆ ಒಂದಿಲ್ಲ. ಕೆಲವು ಒಡಲುಗಳಿಗೆ ಹೊರಹೊದಿಕೆ ಬರಲೇ ಇಲ್ಲ, ಕೆಲವಕ್ಕೆ ಅರ್ಧಕ್ಕೆ ನಿಂತಿದೆ. ಅಂದರೆ ಒಡಲುಗಳು ಮೊದಲು ಒಂದು ಯೋಜನೆಯಂತೆ ಎದ್ದವು, ಒಡೆಯರು ಆಮೇಲೆ ಬಂದರು ಎಂದು ಅಲ್ಲಿ ಉತ್ಖನನ ನಡೆಸಿದ ಅಮೆರಿಕದ ಪುರಾತತ್ವಜ್ಞ ಜಾರ್ಜ್ ರೈಸ್ನರ್ ವಾದಿಸಿದರು.

ಉದಾಹರಣೆಗೆ ಜಿ 1201 ಎಂಬ ಸಂಖ್ಯೆಯ ಸಮಾಧಿಯನ್ನು ನೋಡಿ. ಅದು ವೆಪೆಮ್ನೆಫ್ರೆತ್ ಎಂಬ ರಾಜಕುಮಾರನದು. ಅಲ್ಲಿ ದೊರೆತ ಬಣ್ಣದ ಫಲಕಶಿಲೆಯಲ್ಲಿ ಅವನು ಚಿರತೆಯ ಚರ್ಮದ ಉಡುಪು ತೊಟ್ಟು ರೊಟ್ಟಿಗಳನ್ನು ಜೋಡಿಸಿದ ಮೇಜಿನ ಮುಂದೆ ಕುಳಿತಿದ್ದಾನೆ, ಬಲಬದಿಯಲ್ಲಿ ನಾರುಬಟ್ಟೆಗಳ ಪಟ್ಟಿಯಿದೆ. ನಾಲ್ಕೂವರೆ ಸಾವಿರ ವರ್ಷಗಳ ಮೇಲೂ ಅಕ್ಷರಚಿತ್ರಗಳ ಬಣ್ಣ ಅಷ್ಟು ತಾಜಾ ಆಗಿ ಉಳಿದಿರುವುದು ಪ್ರಾಚೀನ ಕಾಲದಲ್ಲಿಯೇ ಯಾರೋ ಅದರ ಮುಂದೆ ಕಲ್ಲು ಇಟ್ಟು ಮುಚ್ಚಿದ್ದರಿಂದ. ಹೀಗೆ ಮುಚ್ಚಿಬಿಡುವ ಉದ್ದೇಶವೇ ಮೊದಲಿನಿಂದ ಇದ್ದಿದ್ದರೆ ಕಲಾವಿದನು ಹಕ್ಕಿಯ ಒಂದೊಂದು ಗರಿಯನ್ನೂ ಅಷ್ಟು ಶ್ರದ್ಧೆಯಿಂದ ಬಿಡಿಸುತ್ತಿದ್ದನೇ? ಮೊದಲು ಫಲಕ ಎಲ್ಲರಿಗೂ ಕಾಣುತ್ತಿತ್ತು, ಆಮೇಲಿನ ಕೆಲಸದಲ್ಲಿ ಮರೆಯಾಯಿತು ಎಂದು ಓದುವುದೇ ನೇರ. ಇಂತಹ ಫಲಕಗಳು ಖುಫುವಿನ ಕಾಲದ ಒಂದು ಹಂತವನ್ನು ಗುರುತಿಸುತ್ತವೆ. ಕಲ್ಲಿನ ಕೋಣೆಯೂ ಹುಸಿ ಬಾಗಿಲೂ ಅದರ ಮುಂದಿನ ಹಂತ.

ಪೂರ್ವ ಸ್ಮಶಾನದಲ್ಲಿ ಬದಲಾವಣೆ ಇನ್ನೂ ಎದ್ದು ಕಾಣುತ್ತದೆ. ಅದು ಅರಸನ ಹತ್ತಿರದ ಬಂಧುಗಳ ಜಾಗ. ಅಲ್ಲಿ ಮೊದಲು ನಿಂತಿದ್ದ ಬಿಡಿ ಒಡಲುಗಳಲ್ಲಿ ಎರಡೆರಡರ ನಡುವಿನ ಜಾಗವನ್ನು ತುಂಬಿಸಿ ಉದ್ದನೆಯ ಜೋಡಿ ಮಸ್ತಬಗಳನ್ನಾಗಿ ಮಾಡಲಾಯಿತು. ಖುಫುವಿನ ಮಗ ಕವಾಬನ ಸಮಾಧಿಯನ್ನು ವಿದ್ವಾಂಸರು ‘ಜಿ 7110-7120’ ಎಂದು ಎರಡು ಸಂಖ್ಯೆಯಲ್ಲಿ ಬರೆಯುವುದು ಇದೇ ಕಾರಣಕ್ಕೆ. ನಿಮ್ಮ ಮಕ್ಕಳ ಮಾದರಿಯಲ್ಲಿ ಈ ಜೋಡಣೆ ಕಾಣುವಂತಿದ್ದರೆ ಒಳ್ಳೆಯದು.

ಕಟ್ಟಡ ಗುತ್ತಿಗೆದಾರ, ಕಾರ್ಕಳ

ಉಪನ್ಯಾಸಕರ ಮಾತಿಗೆ ನಮ್ಮ ವೃತ್ತಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಗೋಡೆಯನ್ನು ಓದುವುದಕ್ಕೆ ಲಿಪಿ ಬೇಕಾಗಿಲ್ಲ. ನಮ್ಮ ಕಡೆ ಹಳೆಯ ಕೆಂಪುಕಲ್ಲಿನ ಮನೆಗೆ ಅಜ್ಜನ ಕಾಲದಲ್ಲಿ ಒಂದು ಕೋಣೆ, ಅಪ್ಪನ ಕಾಲದಲ್ಲಿ ಇನ್ನೊಂದು ಚಾವಡಿ ಸೇರಿಸಿರುತ್ತಾರೆ. ಸಾರಣೆ ಉದುರಿದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಯಾವುದು ಮೊದಲು ಎಂದು ಯಾವ ಮೇಸ್ತ್ರಿಯಾದರೂ ಹೇಳುತ್ತಾನೆ. ಎರಡು ಗೋಡೆಗಳು ಒಂದೇ ಬಾರಿಗೆ ಎದ್ದಿದ್ದರೆ ಮೂಲೆಯಲ್ಲಿ ಕಲ್ಲುಗಳು ವರಸೆ ಬಿಟ್ಟು ವರಸೆ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಆಮೇಲೆ ಸೇರಿಸಿದ್ದಾದರೆ ಹೊಸ ಗೋಡೆಯು ಹಳೆಯದಕ್ಕೆ ಸುಮ್ಮನೆ ತಾಗಿಕೊಂಡಿರುತ್ತದೆ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಬಿರುಕು ಕಾಣುತ್ತದೆ. ಹಳೆಯ ಗೋಡೆಯ ಹೊರಮೈಗೆ ಸಾರಣೆಯೋ ಸುಣ್ಣವೋ ಇದ್ದು ಅದು ಹೊಸ ಗೋಡೆಯ ಹಿಂದಕ್ಕೂ ಮುಂದುವರಿದಿದ್ದರೆ ಸಂಶಯವೇ ಉಳಿಯುವುದಿಲ್ಲ.

ಗೀಜಾದ ಛಾಯಾಚಿತ್ರಗಳನ್ನು ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಗೀಜಾ ಯೋಜನೆಯವರು ಹಳೆಯ ಉತ್ಖನನದ ಚಿತ್ರಗಳನ್ನು ಜಾಲತಾಣದಲ್ಲಿ ಯಾರೂ ನೋಡುವಂತೆ ತೆರೆದಿಟ್ಟಿದ್ದಾರೆ. ಹೊರಹೊದಿಕೆ ಕಳಚಿಹೋದ ಕಡೆಗಳಲ್ಲಿ ಒಡಲಿನ ಕಲ್ಲಿಗೂ ಹೊದಿಕೆಯ ಕಲ್ಲಿಗೂ ಇರುವ ಭೇದ ಒಂದೇ ನೋಟಕ್ಕೆ ತಿಳಿಯುತ್ತದೆ. ಒಡಲಿನದು ಆ ಪ್ರಸ್ಥಭೂಮಿಯಲ್ಲಿಯೇ ಕಡಿದ ಒರಟು ಸುಣ್ಣಕಲ್ಲು, ಅದರೊಳಗೆ ಚಿಲ್ಲರೆ ನಾಣ್ಯದ ಆಕಾರದ ನಮ್ಯುಲೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆಗಳು ಕಿಕ್ಕಿರಿದಿರುತ್ತವೆ. ತೂರಾದ ಕಲ್ಲು ಬಿಳುಪು, ಕಣ ಸಣ್ಣದು, ಅಂಚು ಮುರಿಯದೆ ಕೆತ್ತನೆಗೆ ಒಗ್ಗುತ್ತದೆ. ಹುಸಿ ಬಾಗಿಲಿಗೂ ಕೆತ್ತನೆಯ ಗೋಡೆಗೂ ತೂರಾದ ಕಲ್ಲನ್ನೇ ಬಯಸಿದ್ದು ಸಹಜ.

ಆದರೆ ಒಂದು ಎಚ್ಚರಿಕೆ. ತಾಗಿಕೊಂಡ ಗೋಡೆ ‘ಆಮೇಲಿನದು’ ಎಂದು ಮಾತ್ರ ಹೇಳುತ್ತದೆ. ಎಷ್ಟು ಆಮೇಲೆ ಎಂದು ಹೇಳುವುದಿಲ್ಲ. ಅದೇ ಮೇಸ್ತ್ರಿ ಮುಂದಿನ ತಿಂಗಳು ಕಟ್ಟಿದ್ದೂ ತಾಗಿಕೊಂಡೇ ಇರುತ್ತದೆ, ಮೊಮ್ಮಗ ಕಟ್ಟಿಸಿದ್ದೂ ತಾಗಿಕೊಂಡೇ ಇರುತ್ತದೆ. ಈ ಅಂತರವನ್ನು ಅವರು ಅಳೆದದ್ದು ಹೇಗೆ ಎಂದು ಬಲ್ಲವರು ತಿಳಿಸಬೇಕು. ಹಾಗೆಯೇ ಒಡಲಿನೊಳಗೆ ಇರುವ ಕಲ್ಲಿನ ಕೋಣೆ ಮೊದಲಿನ ನಕ್ಷೆಯಲ್ಲಿಯೇ ಇತ್ತೋ, ಕಲ್ಲು ಕಿತ್ತು ತೂರಿಸಿದ್ದೋ ಎಂಬುದನ್ನು ಪ್ರತಿಯೊಂದು ಸಮಾಧಿಯಲ್ಲೂ ಬೇರೆ ಬೇರೆಯಾಗಿ ಪರೀಕ್ಷಿಸಲೇಬೇಕು. ಸಾಲಿನಲ್ಲಿ ಒಂದನ್ನು ನೋಡಿ ಹತ್ತಕ್ಕೆ ತೀರ್ಪು ಕೊಡುವಂತಿಲ್ಲ.

ಸಮಾಜವಿಜ್ಞಾನ ಶಿಕ್ಷಕ, ಬ್ರಹ್ಮಾವರ

ಇಬ್ಬರಿಗೂ ಧನ್ಯವಾದ. ಗುತ್ತಿಗೆದಾರರು ಕೇಳಿದ ಅಂತರದ ಪ್ರಶ್ನೆಯೇ ನನ್ನದೂ ಆಗಿದೆ. ಕ್ರಮ ಗೊತ್ತಾಯಿತು, ಆದರೆ ಆ ಕ್ರಮಕ್ಕೆ ಅರಸರ ಹೆಸರು ಅಂಟಿಕೊಂಡದ್ದು ಹೇಗೆ? ಜೊತೆಗೆ, ಖುಫುವಿನ ತಾಯಿ ಹೆಟೆಪ್‌ಹೆರೆಸಳ ಸಮಾಧಿಯಲ್ಲಿ ಮುಚ್ಚಳ ಭದ್ರವಾಗಿದ್ದ ಶವಪೆಟ್ಟಿಗೆ ಖಾಲಿಯಾಗಿತ್ತು ಎಂದು ಓದಿದ ಮಕ್ಕಳು ಅದರದೇ ಒಂದು ಪ್ರತ್ಯೇಕ ಮಾದರಿ ಮಾಡಬೇಕೆಂದು ಹಟ ಹಿಡಿದಿದ್ದಾರೆ. ಅದರ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ದಾಖಲಾತಿ ಸಹಾಯಕಿ, ಮಂಗಳೂರು

ವಸ್ತುಸಂಗ್ರಹದ ದಾಖಲಾತಿ ಕೆಲಸದಲ್ಲಿರುವ ನನಗೆ ಗೀಜಾದ ಸ್ವಾರಸ್ಯವಿರುವುದು ಉತ್ಖನನದ ಕಡತಗಳಲ್ಲಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1902ರಲ್ಲಿ ಪಶ್ಚಿಮ ಸ್ಮಶಾನವನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿ, ಪಿರಮಿಡ್ಡುಗಳ ಬುಡದಲ್ಲಿರುವ ಮೆನಾ ಹೌಸ್ ಹೋಟೆಲಿನ ಜಗಲಿಯಲ್ಲಿ ಚೀಟಿ ಎತ್ತಿ ಹಂಚಿಕೊಳ್ಳಲಾಯಿತು. ದಕ್ಷಿಣದ ಪಟ್ಟಿ ಇಟಲಿಯವರಿಗೆ, ನಡುವಿನದು ಜರ್ಮನರಿಗೆ, ಉತ್ತರದ್ದು ಅಮೆರಿಕದ ರೈಸ್ನರ್ ಅವರಿಗೆ ಬಂತು. ಇಟಲಿಯವರು ಕೆಲವೇ ವರ್ಷಗಳಲ್ಲಿ ಹಿಂದೆ ಸರಿದರು, ಅವರ ಪಾಲು ರೈಸ್ನರ್ ಅವರಿಗೇ ಸೇರಿತು. ನಡುವಿನ ಪಟ್ಟಿಯನ್ನು 1912ರಿಂದ ಹರ್ಮನ್ ಯುಂಕರ್ ಅಗೆದರು. ಒಂದೇ ಸ್ಮಶಾನ, ಎರಡು ತಂಡಗಳು, ಎರಡು ಪದ್ಧತಿಗಳು ಎಂಬುದನ್ನು ಓದುವಾಗ ನೆನಪಿಟ್ಟುಕೊಳ್ಳಬೇಕು. ಯುಂಕರ್ ತಮ್ಮ ಪಾಲನ್ನು 12 ಸಂಪುಟಗಳಲ್ಲಿ ಪೂರ್ತಿಯಾಗಿ ಪ್ರಕಟಿಸಿದರು. ರೈಸ್ನರ್ ಅಗೆದದ್ದು ಅಪಾರ, ಬದುಕಿರುವಾಗ ಪ್ರಕಟಿಸಿದ್ದು ಅದರ ಒಂದು ಅಂಶ ಮಾತ್ರ. ಆದರೂ ಅವರ ದಿನಚರಿ, ವಸ್ತುಪಟ್ಟಿ, ಗಾಜಿನ ಫಲಕದ ಛಾಯಾಚಿತ್ರಗಳು ಎಷ್ಟು ಕ್ರಮಬದ್ಧವಾಗಿವೆಯೆಂದರೆ ಇಂದಿಗೂ ಹೊಸ ಸಂಶೋಧಕರು ಅವುಗಳಿಂದಲೇ ಹೊಸ ಸಮಾಧಿಗಳನ್ನು ‘ಅಗೆಯುತ್ತಿದ್ದಾರೆ’. ಈಜಿಪ್ಟಿನ ಮೇಲ್ವಿಚಾರಕರು ಅರಬ್ಬಿಯಲ್ಲಿ ಬರೆದಿಟ್ಟ ದಿನಚರಿಗಳೂ ಈಗ ಬೆಳಕಿಗೆ ಬಂದಿವೆ. ಹಳೆಯ ಪುಸ್ತಕಗಳಲ್ಲಿ ಹೆಸರಿಲ್ಲದೆ ‘ಕೆಲಸಗಾರರು’ ಎಂದಾಗಿದ್ದವರು ಎಷ್ಟು ನುರಿತ ದಾಖಲೆಗಾರರಾಗಿದ್ದರು ಎಂಬುದು ಅವುಗಳಿಂದ ತಿಳಿಯುತ್ತದೆ.

ಅರಸರ ಹೆಸರು ಅಂಟಿಕೊಳ್ಳುವುದು ಹಲವು ದಾರಿಗಳಲ್ಲಿ. ಕಲ್ಲುಗಳ ಒಳಮೈಯಲ್ಲಿ ಕೆಲಸದ ತಂಡಗಳು ಕೆಂಪು ಕಾವಿಯಿಂದ ಬರೆದ ಗುರುತುಗಳಿರುತ್ತವೆ, ಅವುಗಳಲ್ಲಿ ಕೆಲವು ವರ್ಷವನ್ನೂ ಹೇಳುತ್ತವೆ. ಒಡೆಯನ ಬಿರುದುಗಳಲ್ಲಿ, ಅವನ ಜಮೀನುಗಳ ಹೆಸರುಗಳಲ್ಲಿ ಅರಸನ ಹೆಸರು ಸೇರಿರುತ್ತದೆ. ಖಫ್ರೆಯ ಹೆಸರಿರುವ ಹಳ್ಳಿಯೊಂದು ಕೋಣೆಯ ಗೋಡೆಯಲ್ಲಿ ಕಂಡರೆ ಆ ಕೆತ್ತನೆ ಖಫ್ರೆಗಿಂತ ಹಿಂದಿನದಾಗಲಾರದು. ಎಷ್ಟು ಮುಂದಿನದು ಎಂಬುದನ್ನು ಮಾತ್ರ ಅದು ಹೇಳದು. ಮಣ್ಣಿನ ಮುದ್ರೆಗಳು ಇನ್ನೂ ಉಪಯುಕ್ತ, ಏಕೆಂದರೆ ಪೆಟ್ಟಿಗೆಯ ಹಗ್ಗಕ್ಕೆ ಒತ್ತಿದ ಒಂದು ಹಿಡಿ ಮಣ್ಣನ್ನು ಕಳ್ಳನು ಮುರಿದು ಅಲ್ಲೇ ಬಿಸುಡುತ್ತಾನೆ, ಹೊತ್ತೊಯ್ಯುವುದಿಲ್ಲ.

ಹೆಟೆಪ್‌ಹೆರೆಸಳ ಸಮಾಧಿ ದೊರೆತದ್ದು 1925ರ ಫೆಬ್ರವರಿಯಲ್ಲಿ. ರೈಸ್ನರ್ ಆಗ ಅಮೆರಿಕದಲ್ಲಿದ್ದರು. ತಂಡದ ಈಜಿಪ್ಟಿನ ಛಾಯಾಗ್ರಾಹಕರು ಕ್ಯಾಮೆರಾದ ಮುಕ್ಕಾಲಿಯನ್ನು ಊರುವಾಗ ಅದರ ಒಂದು ಕಾಲು ಬಂಡೆಯ ಬದಲು ಗಾರೆಗೆ ತಾಗಿತು. ಆ ಗಾರೆ ಮುಚ್ಚಿದ್ದ ಮೆಟ್ಟಿಲುಗಳ ಮುಂದೆ 27 ಮೀಟರಿನಷ್ಟು ಆಳದ ಕೂಪ, ಅದರ ತಳದಲ್ಲಿ ಒಂದು ಕಿರುಕೋಣೆ. ನೆಲದ ಮೇಲೆ ಇದರ ಗುರುತಾಗಿ ಯಾವ ಕಟ್ಟಡವೂ ಇರಲಿಲ್ಲ. ಒಳಗೆ ಚಿನ್ನದ ತಗಡು ಹೊದಿಸಿದ ಮಂಚ, ಮೇಲ್ಕಟ್ಟಿನ ಚೌಕಟ್ಟು, ಪಲ್ಲಕ್ಕಿ, ಚಿಟ್ಟೆಯ ಚಿತ್ರ ಕೂಡಿಸಿದ ಬೆಳ್ಳಿಯ ಕಡಗಗಳು. ಮರವೆಲ್ಲ ಪುಡಿಯಾಗಿತ್ತು. ಚಿನ್ನದ ತುಣುಕುಗಳು ಬಿದ್ದಿದ್ದ ಸ್ಥಾನವನ್ನು ಒಂದೊಂದಾಗಿ ಗುರುತಿಸಿ, ಸಾವಿರಕ್ಕೂ ಹೆಚ್ಚು ಛಾಯಾಚಿತ್ರ ತೆಗೆದು, ಪೀಠೋಪಕರಣಗಳನ್ನು ಮತ್ತೆ ರೂಪಿಸಲಾಯಿತು. 1927ರಲ್ಲಿ ಅಲಬಾಸ್ಟರ್ ಶವಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಶವವಿರಲಿಲ್ಲ. ಆದರೆ ಒಳಾಂಗಗಳನ್ನು ಇರಿಸುವ ಪೆಟ್ಟಿಗೆ ಮುಚ್ಚಿದಂತೆಯೇ ಇತ್ತು.

ರೈಸ್ನರ್ ಕಟ್ಟಿದ ಕಥೆ ಹೀಗಿದೆ: ರಾಣಿಯನ್ನು ಮೊದಲು ದಹಶೂರಿನಲ್ಲಿ ಪತಿ ಸ್ನೆಫೆರುವಿನ ಪಿರಮಿಡ್ಡಿನ ಬಳಿ ಇರಿಸಲಾಗಿತ್ತು, ಕಳ್ಳರು ಶವವನ್ನು ಹೊತ್ತೊಯ್ದರು, ಅಧಿಕಾರಿಗಳು ಖುಫುವಿಗೆ ನಿಜ ಹೇಳದೆ ಉಳಿದದ್ದನ್ನು ಗೀಜಾಕ್ಕೆ ತಂದು ಗುಟ್ಟಾಗಿ ಹೂತರು. ಓದುವುದಕ್ಕೆ ಸೊಗಸಾಗಿದೆ, ಆದರೆ ದಹಶೂರಿನಲ್ಲಿ ಅಂತಹ ಸಮಾಧಿಯ ಕುರುಹು ಸಿಕ್ಕಿಲ್ಲ. 1985ರಲ್ಲಿ ಪುರಾತತ್ವಜ್ಞ ಮಾರ್ಕ್ ಲೆಹ್ನರ್ ಇದನ್ನು ತಿರುಗಿಸಿ ಹಾಕಿದರು. ಅವರ ಪ್ರಕಾರ ಈ ಕೂಪವೇ ಮೊದಲ ಸಮಾಧಿ, ನಕ್ಷೆ ಬದಲಾದ ಮೇಲೆ ಶವವನ್ನು ಪಕ್ಕದ ರಾಣಿಯ ಪಿರಮಿಡ್ಡಿಗೆ ಒಯ್ದರು. ಕೂಪವು ಸುತ್ತಲಿನ ಕಟ್ಟಡಗಳ ಸಾಲಿಗೆ ಹೇಗೆ ಹೊಂದುತ್ತದೆ, ಯಾವುದಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿದ ಎರಡನೆಯ ವಾದವೇ ನನಗೆ ಒಪ್ಪಿತವಾಗುತ್ತದೆ. ಮಕ್ಕಳ ಫಲಕದಲ್ಲಿ ಮಾತ್ರ ಎರಡನ್ನೂ ಬರೆಯಿಸಿ.

ವಿಜ್ಞಾನದ ವಿದ್ಯಾರ್ಥಿ, ಸುರತ್ಕಲ್

ಇಷ್ಟೆಲ್ಲ ಊಹೆ ಏಕೆ, ಇಂಗಾಲ-14 ಪರೀಕ್ಷೆ ಮಾಡಿದರೆ ವರ್ಷವೇ ಗೊತ್ತಾಗುವುದಿಲ್ಲವೇ? ಪಿರಮಿಡ್ಡುಗಳ ಗಾರೆಯಲ್ಲಿ ಸಿಕ್ಕಿದ ಇದ್ದಿಲನ್ನು 1984ರಲ್ಲಿಯೂ 1995ರಲ್ಲಿಯೂ ಪರೀಕ್ಷಿಸಿದ್ದಾರೆ ಎಂದು ಓದಿದ್ದೇನೆ. ಅಕ್ಷರಚಿತ್ರಗಳಲ್ಲಿಯೇ ವರ್ಷ ಬರೆದಿರುವಾಗ ಗೋಡೆ ಕಚ್ಚಿದೆಯೋ ತಾಗಿದೆಯೋ ಎಂದು ನೋಡುತ್ತ ಕೂರುವುದು ನನಗೆ ಸುತ್ತುಬಳಸಿನ ದಾರಿಯಾಗಿ ಕಾಣುತ್ತದೆ.

ನಿವೃತ್ತ ಇತಿಹಾಸ ಉಪನ್ಯಾಸಕ, ಉಡುಪಿ

ವಿದ್ಯಾರ್ಥಿಗಳು ಎತ್ತಿದ ಎರಡೂ ಆಕ್ಷೇಪಗಳು ಯೋಗ್ಯವಾದವು, ಎರಡಕ್ಕೂ ಮಿತಿಯಿದೆ. ಆ ಇದ್ದಿಲಿನ ಪರೀಕ್ಷೆಯ ಫಲಿತಾಂಶಗಳು ಐತಿಹಾಸಿಕ ಲೆಕ್ಕಕ್ಕಿಂತ ನೂರರಿಂದ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋದವು. ಗಾರೆ ಬೇಯಿಸಲು ಅವರು ಹಳೆಯ ಕಟ್ಟಿಗೆ, ಬಿಸುಟ ಮರಮುಟ್ಟು ಎಲ್ಲವನ್ನೂ ಉರಿಸಿರಬೇಕು ಎಂಬುದು ತಜ್ಞರು ಕೊಟ್ಟ ವಿವರಣೆ. ಮರ ಸತ್ತ ಕಾಲವನ್ನು ಇದ್ದಿಲು ಹೇಳುತ್ತದೆ, ಗೋಡೆ ಎದ್ದ ಕಾಲವನ್ನಲ್ಲ. ಅಲ್ಲದೆ ಒಬ್ಬ ಅರಸನಿಂದ ಅವನ ಮಗನಿಗೆ ಇರುವ ಇಪ್ಪತ್ತು ಮೂವತ್ತು ವರ್ಷಗಳ ಅಂತರವನ್ನು ಬೇರ್ಪಡಿಸುವಷ್ಟು ಸೂಕ್ಷ್ಮತೆ ಅಂತಹ ಮಾದರಿಗಳಿಂದ ದೊರೆಯದು.

ಬರೆದ ವರ್ಷಗಳೂ ಸರಳವಲ್ಲ. ಆ ಕಾಲದಲ್ಲಿ ವರ್ಷವನ್ನು ರಾಜ್ಯದ ಜಾನುವಾರು ಗಣತಿಯಿಂದ ಎಣಿಸುತ್ತಿದ್ದರು: ‘ಇಷ್ಟನೆಯ ಗಣತಿಯ ವರ್ಷ’, ‘ಇಷ್ಟನೆಯ ಗಣತಿಯ ಮರುವರ್ಷ’ ಎಂದು. ಗಣತಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದರೆ ಒಂದು ಲೆಕ್ಕ, ನಡುವೆ ಪ್ರತಿವರ್ಷವೂ ನಡೆದಿದ್ದರೆ ಬೇರೆಯೇ ಲೆಕ್ಕ. 2013ರಲ್ಲಿ ಪಿಯೆರ್ ಟಲೆ ಅವರ ತಂಡವು ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಪತ್ತೆಮಾಡಿದ ಪಪೈರಸ್ ಹಾಳೆಗಳಲ್ಲಿ ಖುಫುವಿನ 13ನೆಯ ಗಣತಿಯ ಮರುವರ್ಷದ ಉಲ್ಲೇಖವಿದೆ. ಎರಡು ವರ್ಷಕ್ಕೊಂದರಂತೆ ಲೆಕ್ಕ ಹಾಕಿದರೆ ಅದು ಅವನ ಆಳ್ವಿಕೆಯ 26 ಅಥವಾ 27ನೆಯ ವರ್ಷವಾಗುತ್ತದೆ. ಆದರೆ ಇಟಲಿಯ ಟುರಿನ್‌ನಲ್ಲಿರುವ ಪ್ರಾಚೀನ ಈಜಿಪ್ಟಿನ ರಾಜರ ಪಟ್ಟಿ ಖುಫುವಿಗೆ ಕೊಡುವುದು 23 ವರ್ಷ ಮಾತ್ರ. ಅದೇ ಹಾಳೆಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನು ತನ್ನ ತಂಡದೊಂದಿಗೆ ತೂರಾದ ಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ದಿನಚರಿಯಿದೆ, ಆ ಕೆಲಸದ ಮೇಲಧಿಕಾರಿಯಾಗಿ ಅಂಖ್‌ಹಾಫ್‌ನ ಹೆಸರಿದೆ. ಪೂರ್ವ ಸ್ಮಶಾನದ ಅತಿ ದೊಡ್ಡ ಮಸ್ತಬಗಳಲ್ಲೊಂದಾದ ಜಿ 7510 ಅವನದೇ. ತೊಂಬತ್ತು ವರ್ಷ ಕೇವಲ ಬಿರುದು ಮತ್ತು ಪ್ರತಿಮೆಯಾಗಿದ್ದವನು ಒಮ್ಮೆಗೇ ದೋಣಿಗಳ ಲೆಕ್ಕ ನೋಡುವ ಅಧಿಕಾರಿಯಾಗಿ ಎದ್ದು ಬಂದ.

ಬರಹ ಮತ್ತು ಗೋಡೆ ಎರಡೂ ಬೇಕು ಎಂಬುದಕ್ಕೆ ರಾಣಿ ಮೆರೆಸಂಖಳ ಸಮಾಧಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಜಿ 7530-7540ರ ಕೆಳಗೆ ಬಂಡೆಯಲ್ಲಿ ಕೊರೆದ ಆ ಕೋಣೆಗಳನ್ನು ರೈಸ್ನರ್ 1927ರಲ್ಲಿ ತೆರೆದರು. ಬಾಗಿಲಿನ ಬದಿಯಲ್ಲಿ ರಾಣಿ ತೀರಿಕೊಂಡ ದಿನವನ್ನೂ ಸಮಾಧಿಗೆ ಸೇರಿದ ದಿನವನ್ನೂ ಬರೆದಿದೆ, ನಡುವಿನ ಅಂತರ ಒಂಬತ್ತು ತಿಂಗಳಿನಷ್ಟು. ಇಷ್ಟು ನಿಖರವಾಗಿ ಬರೆದವರು ಅದು ಯಾವ ಅರಸನ ಆಳ್ವಿಕೆ ಎಂಬುದನ್ನು ಮಾತ್ರ ಬರೆಯಲಿಲ್ಲ! ಮೆನ್ಕೌರೆಯೋ ಶೆಪ್ಸೆಸ್ಕಾಫನೋ ಎಂಬ ಚರ್ಚೆ ಹುಟ್ಟಿದ್ದು ಇದರಿಂದಲೇ. ಅವಳ ಶವಪೆಟ್ಟಿಗೆಯನ್ನು ತಾಯಿ, ಎರಡನೆಯ ಹೆಟೆಪ್‌ಹೆರೆಸ್, ಕೊಟ್ಟಳೆಂದು ಪೆಟ್ಟಿಗೆಯ ಮೇಲೆಯೇ ಇದೆ. ತನಗೆಂದು ಮಾಡಿಸಿಕೊಂಡದ್ದನ್ನು ಮಗಳಿಗೆ ಬಿಟ್ಟುಕೊಟ್ಟ ತಾಯಿ ಆಕೆ. ಹೀಗಾಗಿ ಒಡಲಿನ ಕಾಲ, ಪೆಟ್ಟಿಗೆಯ ಕಾಲ, ಶವಸಂಸ್ಕಾರದ ಕಾಲ ಮೂರೂ ಬೇರೆ ಬೇರೆ.

ಶಿಕ್ಷಕರ ಎರಡನೆಯ ಪ್ರಶ್ನೆ ಉಳಿದಿದೆ. ಅರಸನು ಕಟ್ಟಿಸಿ ಕೊಟ್ಟನೇ? ಖುಫುವಿನ ಕಾಲದ ಸಾಲುಗಳ ಮಟ್ಟಿಗೆ ಹೌದು ಎನ್ನಲು ಆ ಏಕರೂಪದ ಒಡಲುಗಳೇ ಆಧಾರ. ಮುಂದಿನ ಕಾಲಕ್ಕೆ ಬರಹದ ಆಧಾರವೂ ಇದೆ. ಗೀಜಾದಲ್ಲಿಯೇ ಇರುವ ದೆಬೆಹೆನ್ ಎಂಬ ಅಧಿಕಾರಿಯ ಸಮಾಧಿಯಲ್ಲಿ, ಅರಸ ಮೆನ್ಕೌರೆ ಪಿರಮಿಡ್ಡಿನ ಕೆಲಸ ನೋಡಲು ಬಂದಾಗ ತನ್ನ ಸಮಾಧಿಗಾಗಿ 50 ಜನರನ್ನು ನೇಮಿಸಿದನೆಂದೂ ತೂರಾದಿಂದ ಕಲ್ಲು ತರಿಸಿಕೊಟ್ಟನೆಂದೂ ಬರೆಯಲಾಗಿದೆ. ಆದರೆ ಐದು ಮತ್ತು ಆರನೆಯ ರಾಜವಂಶಗಳ ಹೊತ್ತಿಗೆ ‘ಇದನ್ನು ನನ್ನ ಸ್ವಂತ ಆಸ್ತಿಯಿಂದ ಕಟ್ಟಿಸಿದೆ, ಕೆಲಸಗಾರರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದೆ’ ಎಂದು ಹೇಳಿಕೊಳ್ಳುವವರು ಹೆಚ್ಚುತ್ತಾರೆ. ಆ ಕಾಲದಲ್ಲಿ ಖುಫುವಿನ ನೇರ ಬೀದಿಗಳೊಳಗೇ ಪುಟ್ಟ ಸಮಾಧಿಗಳು ನುಗ್ಗಿ, ದೊಡ್ಡ ಮಸ್ತಬಗಳ ಬೆನ್ನಿಗೆ ತಾಗಿಕೊಂಡು ಬೆಳೆದವು. ಹಾಗಾಗಿ ಅವರ ಪ್ರಶ್ನೆಗೆ ಸ್ಮಶಾನದ ಬೇರೆ ಬೇರೆ ತಲೆಮಾರುಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಕಟ್ಟಡ ಗುತ್ತಿಗೆದಾರ, ಕಾರ್ಕಳ

ದೊಡ್ಡ ಕಟ್ಟಡವಾದರೆ ಹೆಸರು ಉಳಿಯುತ್ತದೆ ಎಂಬ ನಿಯಮವೂ ಅಲ್ಲಿಲ್ಲ ಎಂಬುದನ್ನು ಸೇರಿಸಬಹುದು. ಪಶ್ಚಿಮ ಸ್ಮಶಾನದ ಅತಿ ದೊಡ್ಡ ಮಸ್ತಬ ಜಿ 2000. ನೂರು ಮೀಟರಿನಷ್ಟು ಉದ್ದವಿದ್ದರೂ ಅದು ಯಾರದೆಂದು ಗೊತ್ತಿಲ್ಲ. ಹೆಮಿಯುನುವಿನದಾದರೋ ಪ್ರತಿಮೆಯ ಸಮೇತ ಉಳಿಯಿತು. ಖುಫುವಿನ ಮಹಾಮಂತ್ರಿಯೂ ರಾಜನ ಎಲ್ಲ ಕಾಮಗಾರಿಗಳ ಮೇಲಧಿಕಾರಿಯೂ ಆಗಿದ್ದವನು ಅವನು. ಯುಂಕರ್ 1912ರಲ್ಲಿ ಅವನ ಸೆರ್ದಾಬಿಗೆ ತಲುಪುವ ಎಷ್ಟೋ ಮೊದಲೇ ಕಳ್ಳರು ಗೋಡೆ ಒಡೆದು ಒಳಹೊಕ್ಕು, ಕೂಡಿಸಿದ ಕಣ್ಣುಗಳಿಗಾಗಿ ಪ್ರತಿಮೆಯ ತಲೆಯನ್ನು ಮುರಿದು, ಕಣ್ಣು ಕಿತ್ತುಕೊಂಡು ಉಳಿದದ್ದನ್ನು ಬಿಟ್ಟುಹೋಗಿದ್ದರು. ಎದೆಯ ಮಾಂಸದ ಮಡಿಕೆ, ಹೊಟ್ಟೆಯ ಭಾರ ಎಲ್ಲವನ್ನೂ ಇದ್ದಂತೆಯೇ ಕೆತ್ತಿದ ಆ ಕೆಲಸ ಈಗ ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿದೆ.

ಸಮಾಜವಿಜ್ಞಾನ ಶಿಕ್ಷಕ, ಬ್ರಹ್ಮಾವರ

ಹಿರಿಯರೆ, ಮೇಡಂ, ಗುತ್ತಿಗೆದಾರರೆ, ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ಮಾದರಿಯನ್ನು ಒಂದೇ ಬಣ್ಣದಲ್ಲಿ ಮುಗಿಸುವ ಯೋಚನೆ ಬಿಟ್ಟಿದ್ದೇವೆ. ಒಡಲಿಗೆ ಒಂದು ಬಣ್ಣ, ಹೊದಿಕೆಗೆ ಇನ್ನೊಂದು, ಬೀದಿಯೊಳಗೆ ಆಮೇಲೆ ನುಗ್ಗಿದ ಸಮಾಧಿಗಳಿಗೆ ಮತ್ತೊಂದು. ಕವಾಬನ ಮಸ್ತಬದಲ್ಲಿ ಎರಡು ಒಡಲುಗಳ ನಡುವಿನ ತುಂಬುಗೆಯನ್ನು ತೆಗೆದಿಡಲು ಬರುವಂತೆ ಬಿಡಿಯಾಗಿ ಮಾಡುತ್ತೇವೆ. ಒಂದು ಮಾತು ಮಾತ್ರ ಉಳಿಯಿತು. ಹೆಟೆಪ್‌ಹೆರೆಸಳ ಕೂಪವನ್ನು ಗಾಜಿನ ಪೆಟ್ಟಿಗೆಯಲ್ಲಿ ಅಡ್ಡಕೊಯ್ತವಾಗಿ ತೋರಿಸಬೇಕೆಂದಿದ್ದೇವೆ, ಪಿರಮಿಡ್ಡಿನದೇ ಅಳತೆಯ ಪ್ರಮಾಣ ಇಟ್ಟುಕೊಳ್ಳಬಹುದೇ?

ದಾಖಲಾತಿ ಸಹಾಯಕಿ, ಮಂಗಳೂರು

ಇಟ್ಟುಕೊಳ್ಳಬಹುದು ಸರ್, ಆದರೆ ಕೂಪ ತೀರ ಚಿಕ್ಕದಾಗುತ್ತದೆ. ಪಿರಮಿಡ್ಡಿನ ಮೂಲ ಎತ್ತರ 146 ಮೀಟರಿಗೂ ಸ್ವಲ್ಪ ಹೆಚ್ಚು, ಕೂಪದ ಆಳ 27 ಮೀಟರ್. ಪಿರಮಿಡ್ಡನ್ನು ಒಂದೂವರೆ ಅಡಿ ಎತ್ತರಕ್ಕೆ ಮಾಡಿದರೆ ಕೂಪಕ್ಕೆ ಮೂರೂವರೆ ಅಂಗುಲವೂ ಸಿಗುವುದಿಲ್ಲ, ಕೋಣೆಯೊಳಗಿನ ಮಂಚ ಪಲ್ಲಕ್ಕಿಗಳಂತೂ ಕಾಣುವುದೇ ಇಲ್ಲ. ಕೂಪವನ್ನು ಬೇರೆ ಪ್ರಮಾಣದಲ್ಲಿ ಮಾಡಿ, ಪ್ರಮಾಣ ಬೇರೆಯೆಂದು ಚೀಟಿ ಅಂಟಿಸಿ. ಶವಪೆಟ್ಟಿಗೆಯ ಮುಚ್ಚಳವನ್ನು ಮುಚ್ಚಿಯೇ ಇಡಿಸಿ, ತೆರೆದು ನೋಡುವ ಕೆಲಸ ಬಂದವರದಾಗಲಿ.